ಹತ್ತು ಮಂದಿ ಬರೆಯುವ ಪುಟದ ಕಳೆ

ಕಳೆದ ಮಾರ್ಚ್ ತಿಂಗಳಲ್ಲಿ, ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ಬಿಡುವಿನಲ್ಲಿ, ನಮ್ಮ ಸಂಘದ ಸದಸ್ಯರ ತಂಡವೊಂದು ವಿಜಯಪುರ ಜಿಲ್ಲೆಗೆ ಅಧ್ಯಯನ ಪ್ರವಾಸ ಹೋಗಿ ಬಂದಿತು. ನಮ್ಮಲ್ಲಿ ಆಷಾಢದ ಒಂದು ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ವರ್ಷವಿಡೀ ಸೇರಿದರೂ ಬೀಳುವುದಿಲ್ಲ. ಆದರೂ ತಿಕೋಟ, ಬಬಲೇಶ್ವರ ಕಡೆಯ ರೈತರು ಹನಿ ನೀರಾವರಿಯಲ್ಲಿ ದ್ರಾಕ್ಷಿ ಬೆಳೆದು, ಶೆಡ್ಡುಗಳಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ನೀರಿನ ಲೆಕ್ಕ, ಶೆಡ್ಡಿನ ಖರ್ಚು ಮುಂತಾದ ವಿಚಾರ ಇಲ್ಲಿ ಬೇಡ. ಈಗ ಹೇಳಹೊರಟಿರುವುದು ಪ್ರವಾಸದ ಕೊನೆಯ ದಿನ ಗೋಳಗುಮ್ಮಟದಲ್ಲಿ ಕಂಡ ಒಂದು ಸಂಗತಿಯನ್ನು, ಮತ್ತು ಅದು ನಮ್ಮ ಸಂಘದ ವಾಟ್ಸಾಪ್ ಬಳಗದ ತಾಪತ್ರಯಕ್ಕೆ ಹೊಂದಿಕೊಂಡ ಬಗೆಯನ್ನು.

ಗೋಳಗುಮ್ಮಟವು 1656ರಲ್ಲಿ ತೀರಿಕೊಂಡ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ. ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದರೆ ಗುಮ್ಮಟದ ಒಳಸುತ್ತಿನಲ್ಲಿರುವ ಮೊಗಸಾಲೆ ಸಿಗುತ್ತದೆ. ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಮಾತು ಬಾಗಿದ ಗೋಡೆಯ ಗುಂಟ ಹರಿದುಹೋಗಿ ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಬರುತ್ತದೆಂದು ಕೆಲವರು, ಹತ್ತು ಸಲವೆಂದು ಕೆಲವರು ಹೇಳುತ್ತಾರೆ. ಎಣಿಸಿ ನೋಡೋಣವೆಂದು ನಾವೂ ಹತ್ತಿದೆವು. ಆದರೆ ಎಣಿಸುವುದು ಸಾಧ್ಯವಾಗಲಿಲ್ಲ. ಶಾಲಾ ಪ್ರವಾಸದ ಮಕ್ಕಳು, ಅವರಿಗಿಂತ ಹೆಚ್ಚಾಗಿ ದೊಡ್ಡವರು, ಕೂಗುವವರು, ಶಿಳ್ಳೆ ಹೊಡೆಯುವವರು ಸೇರಿ, ಪ್ರತಿಯೊಬ್ಬರ ಕೂಗೂ ಹಲವು ಪಟ್ಟಾಗಿ, ಜೇನುಗೂಡಿಗೆ ಕಲ್ಲು ಬಿದ್ದಂತಾಗಿತ್ತು. ನಮ್ಮ ಜೊತೆಗೆ ಬಂದಿದ್ದ ತಿಕೋಟ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕಿವಿಯ ಹತ್ತಿರ ಬಾಯಿ ತಂದು, “ಏನ್ ಮಾಡ್ತೀರಿ ಸರ, ಇಲ್ಲಿ ಒಬ್ಬಾಂವ ಒದರಿದ್ರ ಸಾಕು, ನೂರು ಮಂದಿ ಮಾತು ಹಾಳಾಗತೈತ್ರಿ,” ಎಂದರು.

ಈ ಮಾತನ್ನು ನಾವು ಮರೆಯಲಿಲ್ಲ. ಕಟ್ಟಡ ಕೆಟ್ಟಿಲ್ಲ. ಅದರ ಗುಣವೇ, ಅಂದರೆ ಸಣ್ಣ ದನಿಯನ್ನೂ ಎಲ್ಲರಿಗೂ ಮುಟ್ಟಿಸುವ ಗುಣವೇ, ಗದ್ದಲಕ್ಕೂ ಅಷ್ಟೇ ಸಲೀಸಾಗಿ ಒದಗುತ್ತದೆ. ಪಿಸುಮಾತಾಡುವವನು ಬೇಕಾದರೆ ಸುಮ್ಮನಾಗಬಹುದು, ಇಲ್ಲವೇ ತಾನೂ ಕೂಗಬಹುದು. ಮೂರನೆಯ ದಾರಿ ಅವನ ಕೈಯಲ್ಲಿಲ್ಲ.

ಇಳಿಯುವಾಗ ಗೋಡೆಗಳನ್ನು ನೋಡಿದೆವು. ಗಾರೆಯ ಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳು, ಹೃದಯದ ಚಿತ್ರಗಳು, ಊರುಗಳು, ಇಸವಿಗಳು. ಹಳೆಯ ಕೆತ್ತನೆಯ ಮೇಲೆಯೇ ಹೊಸದು. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯಲ್ಲಿ ಇಂಥ ತಪ್ಪಿಗೆ ಮೊದಲು ಮೂರು ತಿಂಗಳ ಸಜೆ ಅಥವಾ 5,000 ರೂಪಾಯಿ ದಂಡವಿತ್ತು. 2010ರ ತಿದ್ದುಪಡಿಯಿಂದ ಅದು ಎರಡು ವರ್ಷದ ಸಜೆ, ಒಂದು ಲಕ್ಷ ರೂಪಾಯಿ ದಂಡದವರೆಗೆ ಏರಿದೆ. ಎರಡನ್ನೂ ಒಟ್ಟಿಗೆ ವಿಧಿಸಲೂಬಹುದು. ಶಿಕ್ಷೆ ಏರಿದ ಮಾತ್ರಕ್ಕೆ ಮೊಳೆಗಳು ಜೇಬಿನಿಂದ ಹೊರಬರುವುದು ನಿಂತಿಲ್ಲ. ಕೆತ್ತಲು ಒಂದು ನಿಮಿಷ ಸಾಕು. ಗಾರೆಯನ್ನು ಮೊದಲಿನಂತೆ ಮಾಡಲು ನುರಿತ ಕೆಲಸಗಾರ ಎಷ್ಟು ದಿನ ಕುಳಿತರೂ ಅದು ಮೊದಲಿನ ಗಾರೆಯಾಗುವುದಿಲ್ಲ.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ಸಂಘದ ವಾಟ್ಸಾಪ್ ಬಳಗವನ್ನು ಆರಂಭಿಸಿದ ಉದ್ದೇಶ ಸದಸ್ಯರಿಗೆಲ್ಲ ತಿಳಿದಿದೆ. ಚಾಲಿ, ರಾಶಿ, ಬೆಟ್ಟೆಯ ಧಾರಣೆ, ಚೆರಿ ಕಾಫಿಯ ಬೆಲೆ, ಯಾರ ತೋಟದಲ್ಲಿ ಕೊಳೆ ಕಾಣಿಸಿತು, ಎಲ್ಲಿ ಮರ ಹತ್ತುವವರು ಸಿಗುತ್ತಾರೆ, ಇಷ್ಟೇ. ಯಾರು ಬೇಕಾದರೂ ಬರೆಯಬಹುದು ಎಂದಿಟ್ಟೆವು. ಮೊದಲ ವರ್ಷ ಬಹಳ ಉಪಯೋಗವಾಯಿತು. ಆಮೇಲೆ ಸಾಲದ ಜಾಹೀರಾತು, ಚೀಟಿ, ದೇವರ ಚಿತ್ರ, ಚುನಾವಣೆಯ ಬೈಗುಳ ಎಲ್ಲವೂ ನುಗ್ಗಿದವು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಕಳೆದ ಮಳೆಗಾಲದಲ್ಲಿ ಅಡಿಕೆಯ ಎಲೆಚುಕ್ಕಿ ರೋಗಕ್ಕೆ “ಒಂದೇ ಸಿಂಪರಣೆ, ಗ್ಯಾರಂಟಿ ಗುಣ” ಎಂಬ ಸಂದೇಶವೊಂದು ನಮ್ಮ ಬಳಗಕ್ಕೆ ಬಂತು. ಕೆಳಗೆ ಹಣ ಕಳಿಸುವ ನಂಬರು. ನಮ್ಮ ಸದಸ್ಯರೊಬ್ಬರು ನಾಲ್ಕು ಸಾವಿರ ರೂಪಾಯಿ ಕಳಿಸಿದರು. ಔಷಧಿ ಬರಲಿಲ್ಲ. ಹಣ ಹೋದದ್ದು ಒಂದು ಕಡೆಗಿರಲಿ, ಆ ಔಷಧಿಗೆ ಕಾಯುತ್ತ ಅವರು ಮಳೆಯ ನಡುವೆ ಸಿಕ್ಕ ಒಂದು ವಾರದ ಹೊಳವನ್ನು ಕಳೆದುಕೊಂಡರು. ಅಡಿಕೆ ಬೆಳೆಗಾರನಿಗೆ ಆ ಒಂದು ವಾರದ ಬೆಲೆ ಏನೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಸಂದೇಶ ನಮ್ಮ ಬಳಗದಲ್ಲಿ ಎರಡು ದಿನ ಹಾಗೆಯೇ ಇತ್ತು. ನೋಡಿಕೊಳ್ಳಬೇಕಾದ ನಾವು ನೋಡಿರಲಿಲ್ಲ.

ಇಂಥವು ಏಕೆ ಬರುತ್ತವೆ? ಕಾರಣ ಬಹಳ ಸರಳ, ಕಳಿಸುವವನಿಗೆ ಖರ್ಚಿಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಏಟಿಗೆ ತನ್ನ ಕಂಪನಿಯ ಪ್ರಕಟಣೆಯನ್ನು ಕಳಿಸಿದ. ಕೇಳದೆ ಬಂದ ರಾಶಿ ಜಾಹೀರಾತುಗಳಲ್ಲಿ ಇದೇ ಮೊದಲನೆಯದೆಂದು ಹೇಳುವುದು ವಾಡಿಕೆ. ಬಹಳ ಜನ ಸಿಟ್ಟಾದರು, ಆದರೂ ಅವನ ಯಂತ್ರಗಳು ಮಾರಾಟವಾದವಂತೆ. ಇದಕ್ಕೆ ಸ್ಪ್ಯಾಮ್ ಎಂಬ ಹೆಸರು ಆಮೇಲೆ ಬಂತು. ಅದು ಡಬ್ಬಿಯಲ್ಲಿ ಸಿಗುವ ಒಂದು ಬಗೆಯ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಟೆಲಿವಿಷನ್ ಹಾಸ್ಯವೊಂದರಲ್ಲಿ ಹೋಟೆಲಿನ ಪ್ರತಿ ತಿಂಡಿಯಲ್ಲೂ ಬೇಡವೆಂದರೂ ಅದನ್ನೇ ಬಡಿಸುತ್ತಾರೆ! ಅಂಚೆಯಲ್ಲಿ ಕಾಗದ ಹಾಕುತ್ತಿದ್ದ ಕಾಲದಲ್ಲಿ ಸುಳ್ಳು ಔಷಧಿಯವನಿಗೂ ಪ್ರತಿ ಕಾಗದಕ್ಕೊಂದು ಅಂಚೆಚೀಟಿ ಹಚ್ಚಬೇಕಿತ್ತು. ಈಗ ಹತ್ತು ಸಾವಿರ ಜನರಿಗೆ ಕಳಿಸಿ ಒಬ್ಬನೇ ಒಬ್ಬ ಮೋಸಹೋದರೂ ಲಾಭವೇ. ಖರ್ಚೆಲ್ಲ ಓದುವವನ, ಅಳಿಸುವವನ ಪಾಲಿಗೆ. ಈ ಲೆಕ್ಕವನ್ನು ತಿರುಗಿಸದ ಹೊರತು ಬುದ್ಧಿಮಾತಿನಿಂದ ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಲೆಕ್ಕ ತಿರುಗಿಸಿದವರು ನಮ್ಮ ಭಾಷೆಯಲ್ಲಿಯೇ ಇದ್ದಾರೆ. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾದ ಮುಕ್ತ ವಿಶ್ವಕೋಶ. ಅಲ್ಲಿ ಗೋಳಗುಮ್ಮಟದ ಮೇಲೂ ಲೇಖನವಿದೆ, ಅಡಿಕೆಯ ಮೇಲೂ ಇದೆ. ಯಾವ ಪುಟವನ್ನಾದರೂ, ಹೆಸರು ನೋಂದಾಯಿಸದೆಯೇ, ಸಾಮಾನ್ಯವಾಗಿ ಯಾರು ಬೇಕಾದರೂ ತಿದ್ದಬಹುದು. ಅಂದರೆ ಗುಮ್ಮಟದ ಗೋಡೆಯನ್ನು ದಾರಿಹೋಕರ ಕೈಗೇ ಒಪ್ಪಿಸಿದಂತಾಯಿತಲ್ಲವೇ ಎಂದು ಮೊದಲು ಕೇಳಿದಾಗ ನಮಗೂ ಅನ್ನಿಸಿತು. ಕೆಡಿಸುವವರು ಅಲ್ಲಿಯೂ ಬರುತ್ತಾರೆ. ಲೇಖನದ ನಡುವೆ ಬೈಗುಳ ಬರೆಯುವವರು, ತಮ್ಮ ಅಂಗಡಿಯ ಕೊಂಡಿ ಸೇರಿಸುವವರು, ಒಂದು ಪ್ಯಾರಾವನ್ನೇ ಅಳಿಸಿಹಾಕುವವರು ಇದ್ದೇ ಇದ್ದಾರೆ. ಆದರೆ ಪುಟ ಉಳಿದಿದೆ, ಏಕೆಂದರೆ ಆ ಪುಟದ ಬೆನ್ನಿಗೆ ಒಂದು ಇತಿಹಾಸವಿದೆ. “ಇತಿಹಾಸ” ಎಂಬ ಗುಂಡಿ ಒತ್ತಿದರೆ ಲೇಖನ ಹುಟ್ಟಿದ ದಿನದಿಂದ ಯಾರು, ಯಾವ ದಿನ, ಯಾವ ಗಂಟೆಗೆ, ಯಾವ ಶಬ್ದ ಬದಲಾಯಿಸಿದರೆಂಬುದು ಸಾಲಾಗಿ ಕಾಣುತ್ತದೆ. ಕೆಟ್ಟ ತಿದ್ದುಪಡಿಯನ್ನು ನೋಡಿದವನು ಒಂದು ಗುಂಡಿ ಒತ್ತಿ ಹಿಂದಿನ ರೂಪಕ್ಕೆ ತರಬಹುದು. ಕೆಡಿಸುವವನು ಹತ್ತು ನಿಮಿಷ ಟೈಪು ಮಾಡಿದ್ದು ತಿದ್ದುವವನ ಒಂದು ಕ್ಷಣಕ್ಕೆ ಹೋಗುತ್ತದೆ. ಗೋಡೆಗೆ ಈ ಅನುಕೂಲವಿಲ್ಲ.

ಅಷ್ಟೇ ಅಲ್ಲ, “ಇತ್ತೀಚಿನ ಬದಲಾವಣೆಗಳು” ಎಂಬ ಇನ್ನೊಂದು ಪುಟದಲ್ಲಿ ಇಡೀ ವಿಶ್ವಕೋಶದಲ್ಲಿ ಆದ ತಿದ್ದುಪಡಿಗಳೆಲ್ಲ ಬಂದು ಬೀಳುತ್ತವೆ. ಸಂಬಳವಿಲ್ಲದ ಸ್ವಯಂಸೇವಕರು ಅದನ್ನು ನೋಡುತ್ತಾರೆ. ಬೆಳಗ್ಗೆ ಕಾಫಿ ಕುಡಿಯುತ್ತ ತೋಟಕ್ಕೊಂದು ಸುತ್ತು ಹೋಗಿಬರುವುದು ನಮಗೆ ಹೇಗೋ ಹಾಗೆ. ಮತ್ತೆಮತ್ತೆ ಕೆಡಿಸುವವನನ್ನು ನಿರ್ವಾಹಕರು ಕೆಲವು ಕಾಲ ತಡೆಯುತ್ತಾರೆ. ಜಗಳಕ್ಕೆ ಸಿಕ್ಕಿದ ಪುಟಕ್ಕೆ ತಾತ್ಕಾಲಿಕವಾಗಿ ಬೀಗ ಹಾಕುತ್ತಾರೆ. ಯಾವ ಹೆಸರು ಸರಿ, ಯಾವ ವಾಕ್ಯ ನಿಲ್ಲಬೇಕು ಎಂಬ ಚರ್ಚೆಗೆ ಲೇಖನದ ಬೆನ್ನಿಗೇ ಬೇರೆ ಚರ್ಚಾಪುಟವಿದೆ, ಎಲ್ಲರಿಗೂ ಸೇರಿದ ವಿಚಾರಗಳಿಗೆ “ಅರಳಿ ಕಟ್ಟೆ” ಎಂಬ ಪುಟವಿದೆ. ಹೆಸರಿಟ್ಟವರು ಯಾರೋ, ಚೆನ್ನಾಗಿ ಇಟ್ಟಿದ್ದಾರೆ. ಜಗಳವನ್ನು ತೋಟದಿಂದ ಕಟ್ಟೆಗೆ ಕಳಿಸಿದರೆ ತೋಟ ಅರ್ಧ ಉಳಿದಂತೆ.

ಕೊಂಡಿ ಹಾಕುವವರ ವಿಚಾರ ಸ್ವಲ್ಪ ಬೇರೆ. ಅವರಿಗೆ ಓದುಗರು ಬೇಕಾಗಿರಲಿಲ್ಲ. ಹುಡುಕುವ ಯಂತ್ರಗಳು ಒಂದು ತಾಣಕ್ಕೆ ಎಷ್ಟು ಕಡೆಯಿಂದ ಕೊಂಡಿಯಿದೆ ಎಂದು ಎಣಿಸಿ ಅದಕ್ಕೆ ಮೇಲಿನ ಸ್ಥಾನ ಕೊಡುತ್ತಿದ್ದುದರಿಂದ, ಸಿಕ್ಕಸಿಕ್ಕ ಪುಟಗಳಲ್ಲಿ ಕೊಂಡಿ ನೆಡುವುದೇ ಒಂದು ಕಸುಬಾಯಿತು. 2005ರಲ್ಲಿ ಗೂಗಲ್ ಮೊದಲಾದವರು ಒಂದು ಗುರುತನ್ನು ಜಾರಿಗೆ ತಂದರು. ಆ ಗುರುತಿರುವ ಕೊಂಡಿಯನ್ನು ಎಣಿಕೆಗೆ ಹಿಡಿಯುವುದಿಲ್ಲವೆಂದಾಯಿತು. ವಿಕಿಪೀಡಿಯ 2007ರಲ್ಲಿ ತನ್ನ ಹೊರಕೊಂಡಿಗಳಿಗೆಲ್ಲ ಅದನ್ನು ಹಾಕಿತು. ಕದ್ದ ಮಾಲನ್ನು ಯಾವ ಮಂಡಿಯಲ್ಲೂ ತೂಗುವುದಿಲ್ಲವೆಂದರೆ ಕಳವಿನ ಆಸೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಜೊತೆಗೆ ಬೇಲಿಯೂ ಇದೆ. ಹೊಸಬರು ಹೊರಕೊಂಡಿ ಸೇರಿಸಹೊರಟರೆ ಸೊಟ್ಟ ಅಕ್ಷರಗಳ ಚಿತ್ರವನ್ನು ಓದಿ ಬರೆಯಿರೆಂದು ಕೇಳುತ್ತದೆ. ಮನುಷ್ಯನಿಗೆ ಐದು ಸೆಕೆಂಡಿನ ಕೆಲಸ. ಗಂಟೆಗೆ ಸಾವಿರ ಕೊಂಡಿ ನೆಡುವ ಯಂತ್ರಕ್ಕೆ ಅದೇ ಅಡ್ಡಗಾಲು. ಈಚೆಗೆ ಯಂತ್ರಗಳೂ ಆ ಅಕ್ಷರಗಳನ್ನು ಓದಲು ಕಲಿತಿರುವುದರಿಂದ ಈ ಬೇಲಿ ಮೊದಲಿನಷ್ಟು ಗಟ್ಟಿಯಲ್ಲ.

ಬೇಲಿಯ ಮಾತು ಬಂದಾಗ ತಿಕೋಟದ ತೋಟದಲ್ಲಿ ನಡೆದ ಸಂಭಾಷಣೆಯೊಂದು ನೆನಪಾಗುತ್ತದೆ. ನಾವು ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಅವರು ದ್ರಾಕ್ಷಿಗೆ ಹೊಡೆಯುತ್ತಾರೆ. ವಾಸ್ತವವಾಗಿ ಅದು ದ್ರಾಕ್ಷಿಯಿಂದಲೇ ನಮಗೆ ಬಂದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ರಸ್ತೆಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ವಿಷವೆಂದು ಕಂಡರೆ ಸಾಕು, ಯಾರೂ ಮುಟ್ಟುವುದಿಲ್ಲ! 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕ, ಆ ಸಾಲುಗಳಿಗೆ ಮಾತ್ರ ಬೂಜು ರೋಗ ತಗಲಿಲ್ಲವೆಂಬುದನ್ನು ಗಮನಿಸಿ, 1885ರಲ್ಲಿ ಅದನ್ನು ಪ್ರಕಟಿಸಿದ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಅದನ್ನು ಅಡಿಕೆಯ ಕೊಳೆರೋಗಕ್ಕೆ ತಂದರು. ಇಲ್ಲಿ ಗಮನಿಸಬೇಕಾದದ್ದು, ಬೋರ್ಡೋ ರೋಗ ಬಂದ ಕಾಯನ್ನು ಗುಣಪಡಿಸುವುದಿಲ್ಲ, ಮಳೆಗೆ ಮುಂಚೆ ಹೊಡೆದಿದ್ದರೆ ರೋಗ ಹತ್ತದಂತೆ ಮಾಡುತ್ತದೆ, ಮತ್ತು ತೊಳೆದುಹೋಗುವುದರಿಂದ ಮತ್ತೆ ಹೊಡೆಯಬೇಕಾಗುತ್ತದೆ. ಹತ್ತು ಮಂದಿ ಬರೆಯುವ ಪುಟದ ಬೇಲಿಗಳೂ ಹಾಗೆಯೇ.

ಸಂದೇಶಗಳನ್ನು ಜರಡಿ ಹಿಡಿಯುವ ಯಂತ್ರಗಳೂ ಇವೆ. ಅವು ಕೆಲಸ ಮಾಡುವ ಬಗೆ ನಮ್ಮ ಚೇಣಿದಾರರಿಗೆ ಕೂಡಲೇ ಅರ್ಥವಾಗುವಂಥದು. ಅಡಿಕೆ ಆರಿಸುವ ಹೊಸ ಹುಡುಗನಿಗೆ ನಾವು ನಿಯಮ ಓದಿ ಹೇಳುವುದಿಲ್ಲ. ಒಳ್ಳೆಯ ಚಾಲಿಯ ರಾಶಿ, ಪಟೋರದ ರಾಶಿ, ಕರಿಗೋಟಿನ ರಾಶಿ ತೋರಿಸುತ್ತೇವೆ, ನಾಲ್ಕು ದಿನದಲ್ಲಿ ಅವನ ಕೈಗೆ ತಿಳಿಯುತ್ತದೆ. ಯಂತ್ರಕ್ಕೂ ಕಸವೆಂದು ಗುರುತಿಸಿದ ಸಂದೇಶಗಳ ರಾಶಿಯನ್ನೂ ಒಳ್ಳೆಯವುಗಳ ರಾಶಿಯನ್ನೂ ಕೊಡುತ್ತಾರೆ. ಉದಾಹರಣೆಗೆ “ಗ್ಯಾರಂಟಿ” ಎಂಬ ಮಾತು ನೂರು ಕಸದಲ್ಲಿ 40ರಲ್ಲಿಯೂ ನೂರು ಒಳ್ಳೆಯದರಲ್ಲಿ ಒಂದರಲ್ಲಿಯೂ ಇದ್ದರೆ, ಆ ಮಾತಿರುವ 41 ಸಂದೇಶಗಳಲ್ಲಿ 40 ಕಸ. ಹೀಗೆ ಒಂದೊಂದು ಶಬ್ದಕ್ಕೂ ತೂಕ ಹಾಕಿ ಕೂಡಿಸುತ್ತದೆ. 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಹಾಕಿಕೊಟ್ಟ ಗಣಿತವಿದು. ಆದರೆ 41ರಲ್ಲಿ ಒಂದು ಒಳ್ಳೆಯದಿತ್ತೆಂಬುದನ್ನು ಮರೆಯಬಾರದು, ಅದನ್ನು ಬರೆದವನು ನಮ್ಮ ಸದಸ್ಯನೇ ಇರಬಹುದು. ಮೇಲಾಗಿ ಕನ್ನಡವನ್ನು ನಾವು ಬರೆಯುವ ರೀತಿ ಒಂದೇ? ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ತುಳುವೋ ಹವ್ಯಕವೋ ಬೆರೆಸಿ. ಯಂತ್ರ ತಡವರಿಸುತ್ತದೆ. ಬೈಗುಳವನ್ನು ಬಿಟ್ಟು, “ಸತ್ತೇ ಹೋದೆ ಮಾರಾಯ್ರೇ” ಎಂಬ ತಮಾಷೆಯನ್ನು ಹಿಡಿದೀತು.

ಬೇಲಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಘೋರ ಉದಾಹರಣೆಯಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುಳ್ಳನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆ ಬಿದ್ದು ಒಬ್ಬನನ್ನು ಕೊಂದೇಬಿಟ್ಟರು. ಆ ವರ್ಷ ದೇಶದ ಬೇರೆ ಕಡೆಗಳಲ್ಲೂ ಇಂಥ ಕೊಲೆಗಳಾದವು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಆಗಲೇ ಹಲವು ಕೈ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಗೊಳಿಸಿತು. ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ತಗ್ಗಿತೆಂದು ಆ ಸಂಸ್ಥೆಯೇ ಹೇಳಿತು. ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ ಎಂಬುದನ್ನು ಗಮನಿಸಬೇಕು. ಬೇಕಾದವರು ಈಗಲೂ ನೂರು ಮಂದಿಗೆ ಕಳಿಸಬಹುದು, ನೂರು ಸಲ ಬೆರಳು ಒತ್ತಬೇಕು ಅಷ್ಟೆ. ಅಂಚೆಚೀಟಿಯ ಜಾಗಕ್ಕೆ ಬೆರಳಿನ ಶ್ರಮ ಬಂತು.

ಇಷ್ಟು ತಿಳಿದ ಮೇಲೆ ಉತ್ಸಾಹದಿಂದ ನಾವು ಮಾಡಿದ ತಪ್ಪನ್ನೂ ಹೇಳಿಬಿಡಬೇಕು. ಔಷಧಿಯ ಪ್ರಕರಣವಾದ ಮೇಲೆ ನಾವು ಕೈಯಲ್ಲಿ ಕತ್ತಿ ಹಿಡಿದವರಂತೆ ಬಳಗವನ್ನು ಸವರತೊಡಗಿದೆವು. ಆಗ ಹಿರಿಯ ಸದಸ್ಯರೊಬ್ಬರು, ಒಂದು ಅಂಗಡಿಯಲ್ಲಿ ತಮ್ಮ ಅಡಿಕೆಯ ತೂಕದಲ್ಲಿ ಮೋಸವಾಯಿತೆಂದು ಬಹಳ ಬಿರುಸಾದ ಮಾತಿನಲ್ಲಿ ಬರೆದರು. ಅಂಗಡಿಯ ಹೆಸರು ಹಿಡಿದು ಬೈದಿದ್ದರು. ನಿಂದನೆಯೆಂದು ನಾವು ಅದನ್ನು ಅಳಿಸಿದೆವು, ಅವರಿಗೊಂದು ಮಾತು ಹೇಳಲಿಲ್ಲ. ಅವರು ಬಳಗ ಬಿಟ್ಟು ಹೋದರು. ಮುಂದಿನ ತಿಂಗಳು ಬೇರೆ ಇಬ್ಬರು ಅದೇ ದೂರನ್ನು ಕಚೇರಿಗೆ ಬಂದು ಹೇಳಿದರು. ಆ ಮೊದಲ ಸಂದೇಶ ಉಳಿದಿದ್ದರೆ ಅವರಿಬ್ಬರು ಅಲ್ಲಿಗೆ ಮಾಲು ಒಯ್ಯುತ್ತಿರಲಿಲ್ಲ. ಸಿಟ್ಟಿನ ಮಾತಿಗೂ ಕಸಕ್ಕೂ ವ್ಯತ್ಯಾಸ ಕಾಣದೆ ಹೋದದ್ದು ನಮ್ಮ ದೋಷ. ಬಿಳಿ ಕಾಂಡಕೊರಕ ಹುಡುಕಲು ಹೋದವನು ಬರೀ ಹಳದಿ ಎಲೆ ನೋಡಿ ಒಳ್ಳೆಯ ಅರೇಬಿಕಾ ಗಿಡವನ್ನು ಕಿತ್ತ ಹಾಗಾಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಬಳಗಕ್ಕೆ ಇನ್ನೂ ಮರಳಿಲ್ಲ.

ಇದಾದ ಮೇಲೆ ಆಡಳಿತ ಮಂಡಳಿಯ ಒಪ್ಪಿಗೆಯಿಂದ ವ್ಯವಸ್ಥೆಯನ್ನು ಬದಲಾಯಿಸಿದ್ದೇವೆ. ಬಳಗವನ್ನು ಈಗ ಒಬ್ಬರಲ್ಲ, ಮೂವರು ಸರದಿಯಂತೆ ನೋಡಿಕೊಳ್ಳುತ್ತಾರೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೊಸಬರನ್ನು ಸೇರಿಸುವಾಗ ಸದಸ್ಯತ್ವದ ಸಂಖ್ಯೆ ಕೇಳುತ್ತೇವೆ. ಹಣ ಕಳಿಸುವ ನಂಬರಿರುವ ಸಂದೇಶವನ್ನು ಕಂಡ ಕೂಡಲೇ ತೆಗೆಯುತ್ತೇವೆ, ಇದರಲ್ಲಿ ವಿಚಾರಣೆಯಿಲ್ಲ. ಔಷಧಿ, ಗೊಬ್ಬರದ ಶಿಫಾರಸು ಬರೆಯುವವರು ತಮ್ಮ ತೋಟದಲ್ಲಿ ಬಳಸಿದ್ದಾರೆಯೇ, ಯಾವಾಗ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಬರೆಯಬೇಕು. ಬರೆಯದಿದ್ದರೆ ಕೇಳುತ್ತೇವೆ, ಉತ್ತರ ಬಾರದಿದ್ದರೆ ತೆಗೆಯುತ್ತೇವೆ. ದೂರುಗಳನ್ನು ಮಾತ್ರ ಒಬ್ಬರೇ ಅಳಿಸುವಂತಿಲ್ಲ, ಇಬ್ಬರು ಒಪ್ಪಬೇಕು. ತೆಗೆದದ್ದರ ಪ್ರತಿ, ತೆಗೆದ ಕಾರಣ, ತೆಗೆದವರ ಹೆಸರು ಸಂಘದ ಕಚೇರಿಯ ಒಂದು ನೋಟ್‌ಬುಕ್ಕಿನಲ್ಲಿ ಇರುತ್ತದೆ. ಯಾವ ಸದಸ್ಯರಾದರೂ ಬಂದು ನೋಡಬಹುದು. ವಿಕಿಪೀಡಿಯದ ಇತಿಹಾಸದ ಪುಟಕ್ಕೆ ನಮ್ಮ ಕೈಲಾದ ಬದಲಿ ಇದು.

ಬಳಗ ನೋಡಿಕೊಳ್ಳಲು ಕರೆದಾಗ ಕೆಲವರು, ಯಾರೋ ಬರೆದದ್ದಕ್ಕೆ ನಮ್ಮ ಮೇಲೆ ಕೇಸು ಬಂದರೆ ಎಂದು ಹಿಂಜರಿದರು. ಬೇರೆ ಸದಸ್ಯನೊಬ್ಬ ಹಾಕಿದ ಸಂದೇಶಕ್ಕಾಗಿ, ಬಳಗದ ಮೇಲ್ವಿಚಾರಕನೆಂಬ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡಲಾಗದೆಂದು ಬಾಂಬೆ ಉಚ್ಚ ನ್ಯಾಯಾಲಯ 2021ರಲ್ಲಿ, ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿವೆ. ಹಾಗೆಂದು ತಾವೇ ಸುಳ್ಳನ್ನು ದಾಟಿಸಿದರೆ ಆ ರಕ್ಷಣೆಯಿಲ್ಲ.

ಮೋಸದ ಸಂದೇಶ ನಂಬಿ ಹಣ ಕಳಿಸಿದವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ನಂಬರಿಗೆ ಫೋನು ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಅವಕಾಶ ಹೆಚ್ಚು. ಬೇಡದ ಜಾಹೀರಾತಿನ ಫೋನು, ಎಸ್ಸೆಮ್ಮೆಸ್ಸುಗಳ ಬಗ್ಗೆ 1909ಕ್ಕೆ ದೂರು ಕೊಡಬಹುದು. ಸಂಜೆಯ ಸರದಿಗೆ ಇನ್ನೂ ಒಬ್ಬರು ಬೇಕಾಗಿದ್ದಾರೆ. ದಿನಕ್ಕೆ ಅರ್ಧ ಗಂಟೆ ಕೊಡಬಲ್ಲ ಸದಸ್ಯರು, ಅವರ ಮನೆಯ ಕಾಲೇಜು ಹುಡುಗ ಹುಡುಗಿಯರಾದರೂ ಆದೀತು, ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ.